ಮುಚ್ಚಿದ ಆಸ್ಪತ್ರೆಯ ಆರು ಒಳರೋಗಿಗಳು

ಶಾಸಕರು ಬರುತ್ತಾರೆ ಅಂತ ಆ ಆಸ್ಪತ್ರೆಯ ಕಿಟಕಿ ಸರಳುಗಳನ್ನು ಒಂದೊಂದಾಗಿ ಒರೆಸಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಬಹಳ ಜನರನ್ನು ಬೈಯುವವಳಿದ್ದೇನೆ, ಆ ಸಾಲಿನಲ್ಲಿ ಮೊದಲು ನಾನೇ ನಿಂತುಕೊಂಡರೆ ಉಳಿದವರಿಗೆ ಬೇಜಾರಾಗುವುದಿಲ್ಲ.

ನಮ್ಮೂರಿನಿಂದ ಗುಬ್ಬಿಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ, ಅದೂ ಬಸ್ಸು ಬಂದರೆ. ಊರಲ್ಲಿ ಅಂಗನವಾಡಿ ನಡೆಸುವುದು ನನ್ನ ಕೆಲಸ. ಅಂಗನವಾಡಿಯ ಎದುರಿಗೇ ಆರು ಮಂಚದ ಸರ್ಕಾರಿ ಆಸ್ಪತ್ರೆ. ಅದನ್ನು ಮುಚ್ಚಿದರು ಅಂತ ಎಲ್ಲರೂ ಹೇಳುತ್ತಾರೆ, ಆದರೆ ನಿಜ ಹೇಳಬೇಕೆಂದರೆ ಯಾರೂ ಮುಚ್ಚಲಿಲ್ಲ. ಮೊದಲು ಡಾಕ್ಟರನ್ನು ವಾರಕ್ಕೆ ಮೂರು ದಿನ ಕುಣಿಗಲ್ ಕಡೆಯ ಒಂದು ಆಸ್ಪತ್ರೆಗೆ ಹಾಕಿದರು, ಆಮೇಲೆ ಆರೂ ದಿನ ಹಾಕಿದರು. ನರ್ಸಮ್ಮನನ್ನು ಗುಬ್ಬಿಗೆ ಕರೆಸಿಕೊಂಡರು. ಮಾತ್ರೆ ಕೊಡುವವರು ರಿಟೈರ್ ಆದರು, ಅವರ ಜಾಗಕ್ಕೆ ಯಾರೂ ಬರಲಿಲ್ಲ. ಉಳಿದ ಅಟೆಂಡರು ಒಬ್ಬನೇ ಎರಡು ತಿಂಗಳು ಬೆಳಿಗ್ಗೆ ಬಾಗಿಲು ತೆಗೆದು, ಕಸ ಗುಡಿಸಿ, ಸಂಜೆ ಬಾಗಿಲು ಹಾಕಿಕೊಂಡಿದ್ದ. ಒಂದು ದಿನ ಬೀಗದ ಕೈಯನ್ನು ಹಾಲಿನ ಡೈರಿಯಲ್ಲಿ ಕೊಟ್ಟು ಅವನೂ ಹೋದ. ಸುತ್ತಮುತ್ತ ಇಂಥವೇ ಇನ್ನೂ ಮೂರು ನಾಲ್ಕು ಆಸ್ಪತ್ರೆಗಳು ಹೀಗೇ ಸದ್ದಿಲ್ಲದೆ ನಿಂತಿವೆ ಅಂತ ಆಮೇಲೆ ಗೊತ್ತಾಯಿತು.

ನಮ್ಮ ಮನೆಗೆ ಇದು ಬರೀ ಸುದ್ದಿಯಾಗಿರಲಿಲ್ಲ. ನಮ್ಮ ಯಜಮಾನರು ಬಸ್ ಡ್ರೈವರು. ವಸಂತನರಸಾಪುರದ ಫ್ಯಾಕ್ಟರಿಯೊಂದಕ್ಕೆ ಸುತ್ತಲಿನ ಹಳ್ಳಿಗಳಿಂದ ಕೆಲಸದವರನ್ನು ತುಂಬಿಕೊಂಡು ಹೋಗಿ ಬರುತ್ತಿದ್ದರು. ಅವರಿಗೆ ಸಕ್ಕರೆ ಕಾಯಿಲೆ. ಚಪ್ಪಲಿಯ ಮೊಳೆ ತಾಗಿ ಬಲಗಾಲಿನ ಹೆಬ್ಬೆರಳ ಕೆಳಗೆ ಒಂದು ಗಾಯವಾಗಿತ್ತು. ಚಿಕ್ಕ ಗಾಯವೇ, ಆದರೆ ಮಾಯುತ್ತಿರಲಿಲ್ಲ. ನರ್ಸಮ್ಮ ಇದ್ದಷ್ಟು ಕಾಲ ದಿನ ಬಿಟ್ಟು ದಿನ ಡ್ರೆಸಿಂಗ್ ಮಾಡಿ, ಸತ್ತ ಚರ್ಮ ಕತ್ತರಿಸಿ ತೆಗೆದು, ಕಟ್ಟಿ ಕಳಿಸುತ್ತಿದ್ದರು. ಹೋಗುವ ದಿನ ನನ್ನನ್ನು ಪಕ್ಕಕ್ಕೆ ಕರೆದು, "ಅಕ್ಕಾ, ಒಂದಿನಾನೂ ತಪ್ಪಿಸ್ಬೇಡಿ. ತಪ್ಪಿಸಿದ್ರೆ ಕಾಲು ಉಳಿಯಲ್ಲ," ಅಂದರು. ಮನೆಯಲ್ಲಿ ನೀವೇ ಗಾಯಕ್ಕೆ ಕೈ ಹಾಕಬೇಡಿ ಅಂತಲೂ ಹೇಳಿದರು.

ಅವತ್ತಿನಿಂದ ಗುಬ್ಬಿಗೆ ಓಡಾಟ ಶುರುವಾಯಿತು. ಬೆಳಿಗ್ಗೆ ಹೋದರೆ ಬರುವುದು ಮಧ್ಯಾಹ್ನ ಕಳೆದ ಮೇಲೆ. ದಿನ ಬಿಟ್ಟು ದಿನ ರಜೆ ಹಾಕುವ ಡ್ರೈವರನ್ನು ಯಾವ ಕಂಟ್ರಾಕ್ಟರು ಇಟ್ಟುಕೊಳ್ಳುತ್ತಾನೆ? ದಿನ ಬಿಟ್ಟು ದಿನ ಹೋಗುತ್ತಿದ್ದುದು ನಾಲ್ಕು ದಿನಕ್ಕೊಮ್ಮೆಯಾಯಿತು, ಆಮೇಲೆ ವಾರಕ್ಕೊಮ್ಮೆಯಾಯಿತು. ಗಾಯ ಮಾತ್ರ ರಜೆ ಹಾಕಲಿಲ್ಲ.

ನಾನೇ ಅರ್ಜಿ ಬರೆದೆ. ಆಸ್ಪತ್ರೆಗೆ ಡಾಕ್ಟರು, ನರ್ಸು ಬೇಕು, ಇಂತಿಂಥವರಿಗೆ ಹೀಗೀಗಾಗಿದೆ ಅಂತ ಎರಡು ಪುಟ ಬರೆದು ಊರವರ ಸಹಿ ಹಾಕಿಸಿ ಶಾಸಕರಿಗೆ ಕಳಿಸಿದೆ. ಯಾವ ಶಾಸಕರು ಅಂತ ಹೇಳುವುದಿಲ್ಲ. ಮನುಷ್ಯ ಕೆಟ್ಟವರಲ್ಲ, ಅದೇ ನನ್ನ ಹೊಟ್ಟೆ ಉರಿ. ಕೆಟ್ಟವರಾಗಿದ್ದರೆ ಇಷ್ಟು ಹೊತ್ತಿಗೆ ಬೈದು ಮುಗಿಸಿ ಹಗುರಾಗಿರುತ್ತಿದ್ದೆ. ಹತ್ತೇ ದಿನದಲ್ಲಿ ಅವರ ಪಿಎ ಫೋನ್ ಮಾಡಿ, ಗುರುವಾರ ಹತ್ತು ಗಂಟೆಗೆ ಸಾಹೇಬರು ಖುದ್ದು ಬಂದು ಆಸ್ಪತ್ರೆ ನೋಡುತ್ತಾರೆ ಅಂದ.

ಡೈರಿಯಲ್ಲಿ ಮೀಟಿಂಗ್ ಸೇರಿತು. ಡೈರಿ ಸೆಕ್ರೆಟರಿ ವರಸೆಯಲ್ಲಿ ನನಗೆ ಮೈದುನ. ಊರಿನ ಮದುವೆ, ತಿಥಿ, ಎಲೆಕ್ಷನ್ ಎಲ್ಲ ಅವನ ಉಸ್ತುವಾರಿಯಲ್ಲೇ ನಡೆಯುತ್ತವೆ. ಅವನು ಬೀಗದ ಕೈ ಹಿಡಿದುಕೊಂಡು ಆಸ್ಪತ್ರೆಗೆ ಹೋಗಿ ಬಂದು ತಲೆ ಮೇಲೆ ಕೈ ಹೊತ್ತು ಕೂತ. ಒಳಗೆ ಜೇಡರ ಬಲೆಯಂತೆ, ಮಂಚದ ಮೇಲೆ ಪಾರಿವಾಳದ ಗಲೀಜಂತೆ, ಇಲಿ ಸತ್ತ ವಾಸನೆಯಂತೆ.

"ಅತ್ತಿಗೆ, ಇದನ್ ಹೆಂಗೆ ತೋರ್ಸೋದು ಅವ್ರಿಗೆ? ಊರಿನ್ ಮಾನ ಹೋಗಲ್ವಾ?" ಅಂದ.

ಈಗ ಓದುವವರಿಗೆ ನಗು ಬರಬಹುದು. ಹಾಗೇ ಇರಲಿ, ಹಾಗೇ ನೋಡಲಿ, ಅದಕ್ಕೇ ತಾನೇ ಕರೆಸಿದ್ದು ಅಂತ ಅಷ್ಟು ಜನರಲ್ಲಿ ಒಬ್ಬರಿಗಾದರೂ ಹೊಳೆಯಬೇಕಿತ್ತಲ್ಲ. ಹೊಳೆಯಲಿಲ್ಲ. ನಮ್ಮ ಕಡೆ ಮನೆಗೆ ಯಾರಾದರೂ ಬರುತ್ತಾರೆ ಅಂದರೆ ಮೊದಲು ಅಂಗಳ ಗುಡಿಸುತ್ತೇವೆ, ಹರಿದ ಚಾಪೆ ಒಳಗಿಟ್ಟು ಒಳ್ಳೆಯದು ಹಾಸುತ್ತೇವೆ. ಹಾಗೆ ಮಾಡದವರನ್ನು ಊರಲ್ಲಿ ಸೋಂಬೇರಿ ಅನ್ನುತ್ತಾರೆ. ಆಸ್ಪತ್ರೆ ಸರ್ಕಾರದ್ದಾದರೂ ಊರು ನಮ್ಮದಲ್ಲವೇ ಅಂತ ನಾನೇ ಎದ್ದು ಸೆರಗು ಸಿಕ್ಕಿಸಿದೆ.

ಮೂರು ದಿನ ಆ ಕಟ್ಟಡಕ್ಕೆ ಮದುವೆ ಮನೆಯ ಕಳೆ. ಸುಣ್ಣ ಹೊಡೆದರು. ಮಂಚಗಳನ್ನು ಆಚೆ ತಂದು ತೊಳೆದರು. ನಮ್ಮ ಬೀರುವಿನಿಂದ ಹಾಸುಬಟ್ಟೆ ತಂದು ಇಸ್ತ್ರಿ ಮಾಡಿ ನಾನೇ ಹಾಸಿದೆ. ಬಾಗಿಲಿಗೆ ಮಾವಿನ ತೋರಣ, ಮುಂದೆ ಶಾಮಿಯಾನ. ಗೋಡೆ ಬೋಳಾಗಿ ಕಂಡಿತು ಅಂತ ಅಂಗನವಾಡಿಯ ಚಾರ್ಟುಗಳನ್ನು ತಂದು ತೂಗುಹಾಕಿದೆ. ಒಂದರಲ್ಲಿ ತರಕಾರಿ, ಒಂದರಲ್ಲಿ ಕಾಡುಪ್ರಾಣಿ. ಇಷ್ಟೆಲ್ಲ ಆದ ಮೇಲೆ ಮೈದುನ ನಡುಮನೆಯಲ್ಲಿ ನಿಂತವನಂತೆ ನಿಂತು ಸುತ್ತಲೂ ನೋಡಿ, ಎಲ್ಲಾ ಸರಿ, ಮಂಚ ಖಾಲಿ ಇದ್ದರೆ ಭಣಭಣ ಅನ್ನಿಸುತ್ತೆ ಅಂದ.

ಹೀಗೆ ಆರು ಜನ ರೋಗಿಗಳು ತಯಾರಾದರು. ನಿಜವಾದ ರೋಗಿ ನಮ್ಮ ಯಜಮಾನರು ಒಬ್ಬರೇ, ಅವರಿಗೆ ಮೊದಲನೇ ಮಂಚ. ಉಳಿದ ಐದು ಮಂಚಗಳಲ್ಲಿ ಮೈದುನನ ಅತ್ತೆ, ಇಬ್ಬರು ಡೈರಿ ಮೆಂಬರುಗಳು, ಪಂಚಾಯ್ತಿಯ ನೀರುಗಂಟಿ, ಮತ್ತು ಎಳನೀರು ವ್ಯಾಪಾರ ಮಾಡುವ, ಎರಡು ಗೊನೆಯನ್ನು ಎರಡು ಕೈಯಲ್ಲಿ ಎತ್ತಿ ಲಾರಿಗೆ ಎಸೆಯುವ ಒಬ್ಬ ಆಳು. ಕ್ಯಾತ್ಸಂದ್ರದ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದುತ್ತಿದ್ದ ಮೈದುನನ ಮಗಳನ್ನು ಯೂನಿಫಾರಂ ಸಮೇತ ಕರೆಸಿ ನಿಲ್ಲಿಸಿದ್ದಾಯಿತು. ಆ ಹುಡುಗಿ ಒಬ್ಬಳೇ, ದೊಡ್ಡಮ್ಮಾ ಇದು ಸರಿನಾ ಅಂತ ನನ್ನ ಕಿವಿಯಲ್ಲಿ ಕೇಳಿದಳು. ಸುಮ್ಮನಿರು ಅಂತ ಗದರಿದೆ.

ಹತ್ತು ಗಂಟೆಗೆ ಬರಬೇಕಿದ್ದ ಶಾಸಕರು ಎರಡು ಗಂಟೆಗೆ ಬಂದರು. ಅಷ್ಟು ಹೊತ್ತಿಗೆ ಐದು ಜನ ಆರೋಗ್ಯವಂತರಿಗೆ ಮಲಗಿ ಮಲಗಿ ಸೊಂಟ ನೋವು ಬಂದು ಅವರೂ ಅರ್ಧ ರೋಗಿಗಳಾಗಿದ್ದರು. ಎಳನೀರಿನವನು ಗೊರಕೆ ಹೊಡೆಯುತ್ತಿದ್ದ. ಶಾಸಕರು ಒಳಗೆ ಕಾಲಿಟ್ಟವರು ಹಾಗೇ ನಿಂತುಬಿಟ್ಟರು. ಇಷ್ಟು ಚೊಕ್ಕಟವಾದ ಸರ್ಕಾರಿ ಆಸ್ಪತ್ರೆಯನ್ನು ನನ್ನ ಜನ್ಮದಲ್ಲೇ ನೋಡಿಲ್ಲ ಅಂದರು. ಆನೆ, ಹುಲಿ, ಕರಡಿಯ ಚಾರ್ಟು ನೋಡಿ, ಮಕ್ಕಳ ವಿಭಾಗವೂ ಇದೆಯಲ್ಲ ಅಂತ ಮೆಚ್ಚಿಕೊಂಡರು. ಡಾಕ್ಟರು ಎಲ್ಲಿ ಅಂತ ಕೇಳಿದಾಗ ಮೈದುನ, ಕುಣಿಗಲ್ಲಿಗೆ ಹೋಗಿದ್ದಾರೆ ಅಂದ. ಅವರು ಹೋಗಿ ಒಂದು ವರ್ಷದ ಮೇಲಾಗಿತ್ತು, ಅದನ್ನು ಹೇಳಲಿಲ್ಲ.

ನಾನು ಅರ್ಜಿಯ ಇನ್ನೊಂದು ಪ್ರತಿ ಹಿಡಿದು ಮುಂದೆ ಬಂದೆ. ಶಾಸಕರು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡು ಪಿಎಗೆ ಕೊಟ್ಟರು. ಅವನು ಅದನ್ನು ಹಾರಗಳ ಜೊತೆ ಕಾರಿಗೆ ಕಳಿಸಿದ. ಶಾಸಕರು ಅಷ್ಟರಲ್ಲಿ ಮೊದಲನೇ ಮಂಚಕ್ಕೆ ಹೋಗಿ ನಮ್ಮ ಯಜಮಾನರ ಭುಜದ ಮೇಲೆ ಕೈಯಿಟ್ಟಿದ್ದರು. ಪಿಎ ಮೊಬೈಲು ಎತ್ತಿ ಹಿಡಿದಿದ್ದ.

"ಹೆಂಗಿದೀರಾ ಯಜಮಾನ್ರೇ? ಇಲ್ಲಿ ಚೆನ್ನಾಗಿ ನೋಡ್ಕೋತಾರಾ?"

ಈಗ ಹೇಳುತ್ತಾರೆ, ನರ್ಸು ಇಲ್ಲ, ನನ್ನ ಕಾಲು ಹೋಗುತ್ತೆ ಅಂತ ಈಗ ಬಾಯಿ ಬಿಟ್ಟು ಹೇಳುತ್ತಾರೆ ಅಂತ ಕಾದೆ. ಅವರು ಮೆಲ್ಲಗೆ ಎದ್ದು ಕೂತು ಕೈ ಮುಗಿದರು.

"ನಿಮ್ ದಯದಿಂದ ಚೆನ್ನಾಗಿದೀನಿ ಸ್ವಾಮಿ. ಯಾವ್ದೂ ತೊಂದ್ರೆ ಇಲ್ಲ," ಅಂದರು.

ಶಾಸಕರು ಮೊಬೈಲಿನ ಕಡೆ ತಿರುಗಿ, ಆಸ್ಪತ್ರೆ ಮುಚ್ಚಿದೆ ಅಂತ ಕೆಲವರು ಸುಳ್ಳು ಹಬ್ಬಿಸುತ್ತಿದ್ದಾರೆ, ಆರಕ್ಕೆ ಆರೂ ಮಂಚ ಭರ್ತಿಯಾಗಿರುವುದನ್ನು ನಾನು ಕಣ್ಣಾರೆ ನೋಡುತ್ತಿದ್ದೇನೆ ಅಂತ ಮಾತಾಡಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಪಕ್ಕದವರು ತಟ್ಟುವಾಗ ನಮ್ಮ ಕೈ ತಾನಾಗೇ ಏಳುತ್ತದೆ. ಅಷ್ಟಕ್ಕೆ ಬಿಡದೆ, ಇಲ್ಲಿಗೆ ಏನಾದರೂ ಮಾಡಿಕೊಡಲೇಬೇಕು ಅಂತ ಅವರು ಸುತ್ತ ನೋಡಿ, ಗೇಟಿಗೆ ಒಂದು ಕಮಾನು ಇಲ್ಲದಿರುವುದನ್ನು ಕಂಡುಹಿಡಿದರು. ಅರಿಶಿನ ಕುಂಕುಮ ಹಚ್ಚಿದ ಗುದ್ದಲಿ ಅವರ ಕಾರಿನ ಡಿಕ್ಕಿಯಲ್ಲೇ ಇತ್ತು. ಅಲ್ಲೇ ಕಮಾನಿಗೆ ಗುದ್ದಲಿ ಪೂಜೆ ಆಯಿತು.

ಹೊರಡುವ ಮುಂಚೆ ರೋಗಿಗಳಿಗೆ ಹಣ್ಣು, ಬ್ರೆಡ್ಡು ಹಂಚುವುದು ಪದ್ಧತಿ. ಹಂಚಿದ್ದಕ್ಕೆ ಪಟ್ಟಿ ಬೇಕು ಅಂತ ಜೊತೆಯಲ್ಲಿ ಬಂದಿದ್ದ ಆರೋಗ್ಯ ಇಲಾಖೆಯ ಹುಡುಗಿಯೊಬ್ಬಳು ಟ್ಯಾಬು ಹಿಡಿದು ಆರೂ ಜನರ ಆಧಾರ್ ನಂಬರು ಕೇಳಿದಳು. ನಮ್ಮ ಕಡೆ ಆಧಾರ್ ಕೇಳಿದರೆ ಏನೋ ಸೌಲಭ್ಯ ಬರುತ್ತದೆ ಅಂತಲೇ ಲೆಕ್ಕ. ಆರೂ ಜನ ಕೊಟ್ಟರು. ಎಳನೀರಿನವನು ತನ್ನ ಹೆಂಡತಿಯದನ್ನೂ ಬರೆದುಕೊಳ್ಳಿ ಅಂದ, ಮಂಚ ಆರೇ ಇರುವುದು ಅಂತ ಅವಳು ಬಿಟ್ಟಳು.

ಮನೆಗೆ ಬಂದ ಮೇಲೆ ನಾನು ಸುಮ್ಮನಿರಲಿಲ್ಲ. ನಾಲಿಗೆ ಬಿದ್ದುಹೋಗಿತ್ತಾ ನಿಮಗೆ ಅಂತ ಕೂಗಾಡಿದೆ. ಅವರು ಬ್ರೆಡ್ಡಿನ ಪೊಟ್ಟಣ ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

"ಅಷ್ಟ್ ದೂರದಿಂದ ನೋಡಕ್ಕೆ ಬಂದವ್ರೆ. ಹೆಗಲ್ ಮೇಲೆ ಕೈ ಹಾಕಿ ಕೇಳ್ತಾವ್ರೆ. ಅವ್ರ್ ಮುಂದೆ ಗೋಳು ತೋಡ್ಕೊಳಕ್ಕಾಯ್ತದೇನೇ?"

ಆ ಮಂಚಕ್ಕೆ ಹಾಸುಬಟ್ಟೆ ಇಸ್ತ್ರಿ ಮಾಡಿದವಳು ನಾನೇ. ಒಳಗೆ ಹೋಗಿ ಸೊಪ್ಪು ಬಿಡಿಸುತ್ತಾ ಕೂತೆ.

ಬೀಗ ಮತ್ತೆ ಬಿತ್ತು. ನನ್ನ ಅರ್ಜಿಗೆ ಒಂದು ತಿಂಗಳಿಗೆ ಉತ್ತರ ಬಂತು. ಸದರಿ ಆಸ್ಪತ್ರೆ ತೃಪ್ತಿಕರವಾಗಿ ನಡೆಯುತ್ತಿದ್ದು, ಹಾಲಿ ಆರು ಜನ ಒಳರೋಗಿಗಳಿರುವುದರಿಂದ ಹೆಚ್ಚಿನ ಸಿಬ್ಬಂದಿಯ ಅಗತ್ಯ ಕಂಡುಬಂದಿಲ್ಲ ಅಂತ ಬರೆದಿತ್ತು. ಆರೂ ಜನರ ಫೋನಿಗೆ ವಾರಕ್ಕೊಂದು ರೆಕಾರ್ಡಿನ ಕರೆ ಬರಲು ಶುರುವಾಯಿತು. ಆಸ್ಪತ್ರೆಯ ಊಟ ಚೆನ್ನಾಗಿದ್ದರೆ ಒಂದನ್ನು ಒತ್ತಿ ಅನ್ನುತ್ತಿತ್ತು. ಎಳನೀರಿನವನು ತೋಟದಲ್ಲಿ ನಿಂತೇ ಒಂದು ಒತ್ತುತ್ತಿದ್ದ. ಹೆಂಡತಿ ಅಡುಗೆ ಚೆನ್ನಾಗೇ ಮಾಡ್ತಾಳಲ್ಲ ಅನ್ನುತ್ತಿದ್ದ. ಊರಿಗೆ ಊರೇ ಇದನ್ನು ಹೇಳಿಕೊಂಡು ನಗುತ್ತಿತ್ತು. ನಾನೂ ನಕ್ಕಿದ್ದೇನೆ, ಸುಳ್ಳು ಯಾಕೆ ಹೇಳಲಿ.

ನಗು ನಿಂತಿದ್ದು ಒಂದು ಸೋಮವಾರ ಬೆಳಿಗ್ಗೆ. ಯಜಮಾನರಿಗೆ ಚಳಿಜ್ವರ. ಕಟ್ಟು ಬಿಚ್ಚಿದರೆ ಎರಡು ಬೆರಳು ಕಪ್ಪಗಾಗಿದ್ದವು. ಕಾರು ಮಾಡಿಕೊಂಡು ತುಮಕೂರಿನ ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಸರ್ಜನ್ನು ನೋಡಿದವರೇ, ಇವತ್ತು ಅಥವಾ ನಾಳೆ ಬೆಳಿಗ್ಗೆ ಆಪರೇಷನ್ ಆದರೆ ಎರಡು ಬೆರಳಿಗೇ ಮುಗಿಯುತ್ತದೆ, ತಡ ಮಾಡುವಂತಿಲ್ಲ ಅಂದರು. ಎರಡು ಬೆರಳು ತಾನೇ, ಹೋದರೆ ಹೋಗಲಿ, ಡ್ರೈವಿಂಗಿಗೆ ಪಾದ ಇದ್ದರೆ ಸಾಕು ಅಂತ ಇವರು ಧೈರ್ಯವಾಗೇ ಇದ್ದರು. ಕೌಂಟರಿನಲ್ಲಿ ಉಚಿತ ಚಿಕಿತ್ಸೆಯ ಸರ್ಕಾರಿ ಕಾರ್ಡು ಕೊಟ್ಟೆ. ಅಲ್ಲಿದ್ದ ಹುಡುಗ ಕಂಪ್ಯೂಟರಿನಲ್ಲಿ ನಂಬರು ಹಾಕಿ, ತಲೆ ಎತ್ತಿ ನನ್ನನ್ನು ನೋಡಿದ. ಇವರು ಈಗಾಗಲೇ ನಿಮ್ಮೂರ ಆಸ್ಪತ್ರೆಯಲ್ಲಿ ಅಡ್ಮಿಟ್ ಆಗಿದ್ದಾರೆ, ಅಲ್ಲಿಂದ ಡಿಸ್ಚಾರ್ಜ್ ಮಾಡಿಸಿಕೊಂಡು ಬನ್ನಿ ಅಂದ.

ಆ ಆಸ್ಪತ್ರೆಗೆ ಬೀಗ ಹಾಕಿದೆಯಪ್ಪಾ ಅಂದೆ. ಒಳಗೆ ಆರು ಜನ ಇದ್ದಾರಲ್ಲ ಅಂತ ತೋರಿಸಿದ. ಕಾರ್ಡು ಬೇಡ, ನಮ್ಮ ಕೈಯಿಂದಲೇ ಕಟ್ಟುತ್ತೇವೆ ಅಂದೆ. ಅದಕ್ಕೂ ಆಗಲಿಲ್ಲ. ಒಬ್ಬ ಮನುಷ್ಯ ಒಂದೇ ಹೊತ್ತಿನಲ್ಲಿ ಎರಡು ಆಸ್ಪತ್ರೆಯಲ್ಲಿ ಮಲಗಿರುವುದನ್ನು ಆ ಕಂಪ್ಯೂಟರು ಒಪ್ಪುವುದಿಲ್ಲವಂತೆ. ಒಂದು ಬೆಡ್ಡು, ಡ್ರಿಪ್ಪು, ಇಂಜೆಕ್ಷನ್ನು ಮಾತ್ರ ಕೊಟ್ಟರು. ಕತ್ತಿ ಹಿಡಿಯಬೇಕಾದರೆ ಡಿಸ್ಚಾರ್ಜ್ ಕಾಗದ ಬರಲೇಬೇಕು ಅಂದರು.

ಕಾಗದಕ್ಕೆ ಸಹಿ ಹಾಕಬೇಕಾದವರು ನಮ್ಮೂರಿನ ಡಾಕ್ಟರು. ಅವರಿರುವುದು ಕುಣಿಗಲ್ಲಿನಲ್ಲಿ. ಮೈದುನನನ್ನು ಇವರ ಹತ್ತಿರ ಬಿಟ್ಟು ಅದೇ ಮಧ್ಯಾಹ್ನ ಬಸ್ಸು ಹತ್ತಿದೆ. ಡಾಕ್ಟರು ಒಂದು ಜಾತ್ರೆಯಷ್ಟು ಜನರ ನಡುವೆ ಕೂತಿದ್ದರು. ವಿಷಯ ಹೇಳುತ್ತಿದ್ದ ಹಾಗೇ ಡ್ರಾಯರು ಎಳೆದು ಒಂದು ಕಟ್ಟು ಕಾಗದ ತೆಗೆದು ಮೇಜಿನ ಮೇಲೆ ಹಾಕಿದರು. ನಿಮ್ಮ ಒಳರೋಗಿಗಳನ್ನು ನೀವು ಯಾಕೆ ನೋಡುತ್ತಿಲ್ಲ ಅಂತ ಅವರಿಗೆ ಮೇಲಿನವರು ಕೊಟ್ಟ ನೋಟಿಸುಗಳು ಅವು.

"ಆ ಆರ್ ಜನ ಯಾರು ಅಂತಾನೇ ನಂಗ್ ಗೊತ್ತಿಲ್ಲಮ್ಮಾ. ನಿದ್ದೇಲಿ ಬರ್ತಾರೆ," ಅಂದರು.

ಪಾಪ ಅನ್ನಿಸಿತು, ಆದರೆ ಕೈ ಮುಗಿದು ಸಹಿ ಹಾಕಿ ಅಂತ ಬೇಡಿಕೊಂಡೆ. ಅವರೂ ಹಾಕುವಂತಿರಲಿಲ್ಲ. ರೋಗಿಯನ್ನು ನಮ್ಮೂರಿನ ಆ ಮಂಚದ ಮೇಲೆ ಪರೀಕ್ಷೆ ಮಾಡದೆ ಡಿಸ್ಚಾರ್ಜ್ ಬರೆದರೆ ನೋಟಿಸು ಹೋಗಿ ಸಸ್ಪೆಂಡ್ ಬರುತ್ತದಂತೆ. ಅಲ್ಲಿಗೆ ಬಂದು ನೋಡಿ ಅಂದರೆ, ಕುಣಿಗಲ್ ಬಿಟ್ಟು ಬರಲು ಅವರಿಗೆ ಆರ್ಡರು ಇಲ್ಲ. ಇದನ್ನು ಬಿಡಿಸಬೇಕಾದರೆ ಶಾಸಕರೇ ಫೋನ್ ಮಾಡಬೇಕು ಅಂದರು.

ಮಂಗಳವಾರವೆಲ್ಲ ಶಾಸಕರ ತುಮಕೂರಿನ ಮನೆಯ ಮುಂದೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ಸಾಹೇಬರು ಬೆಂಗಳೂರಿಗೆ ಹೋಗಿದ್ದರು. ಸಂಜೆ ಆಸ್ಪತ್ರೆಗೆ ವಾಪಸ್ ಹೋದಾಗ ಸರ್ಜನ್ನು, ಈಗ ಎರಡು ಬೆರಳಿಗೆ ನಿಲ್ಲುವ ಹಾಗೆ ಕಾಣುವುದಿಲ್ಲ ಅಂದರು. ಕಪ್ಪು ಮೇಲೆ ಹತ್ತಿತ್ತು. ನಾನು ಅಲ್ಲೇ ಕಾರಿಡಾರಿನಲ್ಲಿ ಕೂತು ಗಟ್ಟಿಯಾಗಿ ಅತ್ತುಬಿಟ್ಟೆ.

ಬುಧವಾರ ಬೆಳಿಗ್ಗೆ ಶಾಸಕರು ಸಿಕ್ಕರು. ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದು, ಮಾದರಿ ಆಸ್ಪತ್ರೆಯ ಟೀಚರಮ್ಮ ಬಂದಿದ್ದಾರೆ, ಕಾಫಿ ಕೊಡಿ ಅಂದರು. ನಾನು ಎಲ್ಲವನ್ನೂ ಹೇಳಿದೆ. ಬೀಗ, ಸುಣ್ಣ, ಎಳನೀರಿನವನು, ಯಾವುದನ್ನೂ ಮುಚ್ಚಿಡಲಿಲ್ಲ. ಅವರು ಕಾಫಿ ಲೋಟ ಕೆಳಗಿಟ್ಟು ಕೊನೆಯವರೆಗೂ ಕೇಳಿಸಿಕೊಂಡರು. ಆಮೇಲೆ ಮೊಬೈಲು ತೆಗೆದು ಆ ದಿನದ ವಿಡಿಯೋ ಹಾಕಿ ನನ್ನ ಕಡೆ ತಿರುಗಿಸಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ನಿಜವಾದ ಗೊಂದಲವಿತ್ತು.

"ತಾಯೀ, ನಾನ್ ಕೇಳ್ದಾಗ ಒಬ್ರಾದ್ರೂ ಹೇಳ್ಬೋದಿತ್ತಲ್ಲಮ್ಮಾ," ಅಂದರು.

ಡಾಕ್ಟರೇ ಇಲ್ಲದ ಆಸ್ಪತ್ರೆಯಲ್ಲಿ ಹೊಸ ಸುಣ್ಣದ ವಾಸನೆ ಎಲ್ಲಿಂದ ಬಂತು ಅಂತ ಬಂದವರೂ ಯೋಚಿಸಬೇಕಿತ್ತು ಅಂತ ಈಗ ಅನ್ನಬಹುದು. ಅವತ್ತು ಬರೀ ಕೈ ಮುಗಿದೆ.

ಆಮೇಲೆ ಎಲ್ಲ ಹತ್ತು ನಿಮಿಷದಲ್ಲಿ ಆಯಿತು. ಅವರು ಯಾರಿಗೋ ಫೋನ್ ಮಾಡಿ ಗದರಿದರು, ಆ ಯಾರೋ ಕುಣಿಗಲ್ಲಿನ ಡಾಕ್ಟರಿಗೆ ಫೋನ್ ಮಾಡಿದರು. ಡಿಸ್ಚಾರ್ಜ್ ಯಾವ ಕಾರಣಕ್ಕೆ ಅಂತ ಬರೆಯಬೇಕು ಅನ್ನುವುದೊಂದೇ ಉಳಿಯಿತು. ಕಂಪ್ಯೂಟರಿನಲ್ಲಿ ನಾಲ್ಕು ಕಾರಣಗಳಿದ್ದವು: ಗುಣಮುಖ, ಮೇಲಿನ ಆಸ್ಪತ್ರೆಗೆ ರವಾನೆ, ಹೇಳದೆ ಹೋದದ್ದು, ಮರಣ. ರವಾನೆ ಅಂತ ಹಾಕಿದರೆ ಡಾಕ್ಟರು ಪರೀಕ್ಷೆ ಮಾಡಿದ ವರದಿ ಬೇಕು. ಹೇಳದೆ ಹೋದದ್ದು ಅಂತ ಹಾಕಿದರೆ ಪೊಲೀಸಿಗೆ ತಿಳಿಸಬೇಕು. ಗುಣಮುಖ ಅಂತ ಹಾಕಿ, ಅದಕ್ಕೆ ಯಾವ ಕಾಗದವೂ ಬೇಡ ಅಂತ ಪಿಎ ಸಲಹೆ ಕೊಟ್ಟ. ಶಾಸಕರು ನನ್ನ ಮುಖ ನೋಡಿದರು. ಹಾಕಿಸಿ ಸ್ವಾಮಿ, ಏನಾದರೂ ಹಾಕಿಸಿ ಅಂದೆ.

ನಮ್ಮ ಯಜಮಾನರು ಹನ್ನೊಂದು ಗಂಟೆಗೆ ನಮ್ಮೂರ ಆಸ್ಪತ್ರೆಯಿಂದ ಗುಣಮುಖರಾಗಿ ಬಿಡುಗಡೆಯಾದರು. ಹನ್ನೆರಡೂವರೆಗೆ ತುಮಕೂರಿನಲ್ಲಿ ಅವರ ಬಲಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿ ತೆಗೆದರು. ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕುವಾಗ, ಇಷ್ಟು ತಡ ಯಾಕೆ ಮಾಡಿದಿರಿ ಅಂತ ಆಪರೇಷನ್ ಥಿಯೇಟರಿನ ನರ್ಸು ಕೇಳಿದಳು. ಸಹಿ ಮುಗಿಸಿ ಪೆನ್ನು ವಾಪಸ್ ಕೊಟ್ಟೆ.

ಆಮೇಲೆ ನಮ್ಮೂರ ಆಸ್ಪತ್ರೆಗೆ ವಾರಕ್ಕೆರಡು ದಿನ ಒಬ್ಬ ನರ್ಸನ್ನು ಹಾಕಿದ್ದಾರೆ. ನರ್ಸನ್ನು ಹಾಕಿಸುತ್ತೇನೆ ಅಂತ ಆ ಬುಧವಾರ ಕೊಟ್ಟ ಮಾತನ್ನು ಶಾಸಕರು ಉಳಿಸಿಕೊಂಡರು, ಅದನ್ನು ಹೇಳಬೇಕು. ಇವರ ಕಾಲಿನ ಹೊಲಿಗೆ ಬಿಚ್ಚಿದ್ದು ಆ ನರ್ಸೇ.

ಈಗ ಯಜಮಾನರು ಮನೆಯಲ್ಲೇ ಇರುತ್ತಾರೆ. ಬಸ್ಸಿಗೆ ಬೇರೆ ಡ್ರೈವರು ಬಂದಿದ್ದಾನೆ. ಮೊನ್ನೆ ಭಾನುವಾರ ಮಧ್ಯಾಹ್ನ ಮುದ್ದೆ ಉಂಡು ಜಗಲಿಯ ಮೇಲೆ ಒರಗಿದವರಿಗೆ ಜೊಂಪು ಹತ್ತಿತ್ತು. ನಾನು ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತಿದ್ದೆ. ಇದ್ದಕ್ಕಿದ್ದಂತೆ ಅವರ ಬಲ ಮೊಣಕಾಲು ಜೋರಾಗಿ ಕೆಳಕ್ಕೆ ಒತ್ತಿತು. ಪಂಚೆಯ ತುದಿ ಖಾಲಿ ಅಲ್ಲಾಡಿತು. ಮತ್ತೆ ಒತ್ತಿತು, ಮತ್ತೆ. ಮೈಯೆಲ್ಲ ಬೆವರಿ ಎದ್ದು ಕೂತರು.

ಏನಾಯ್ತು ರೀ ಅಂದೆ.

"ದನ ಅಡ್ಡ ಬಂತು ಕಣೇ," ಅಂದರು.

ಗಾಡಿ ನಿಂತಿತಾ ಅಂತ ಕೇಳಿದೆ.

"ಇಲ್ಲ," ಅಂದರು. "ನಿಲ್ಲಲೇ ಇಲ್ಲ."